ಮಾತು ಕಡಿಯದಷ್ಟು ವೇಗ

ಗುಡ್ಡದಲ್ಲಿ ಎಷ್ಟು ಬೇಗ ಹೋಗಬೇಕು ಎನ್ನುವುದಕ್ಕೆ ನಮ್ಮ ಗೈಡ್ ಇಟ್ಟುಕೊಂಡಿದ್ದ ಅಳತೆ ಒಂದೇ. ಪಕ್ಕದವರ ಜೊತೆ ಇಡೀ ವಾಕ್ಯಗಳಲ್ಲಿ ಮಾತಾಡಲು ಆಗುತ್ತಿರಬೇಕು. ವಾಕ್ಯದ ನಡುವೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ವೇಗ ಹೆಚ್ಚಾಯಿತು ಎಂದರ್ಥ. ಓಡುತ್ತಿದ್ದವರು ನಡೆಯಬೇಕು, ನಡೆಯುತ್ತಿದ್ದವರು ಇನ್ನೂ ನಿಧಾನಕ್ಕೆ ನಡೆಯಬೇಕು. ಕೈಗೆ ಕಟ್ಟಿಕೊಂಡ ಗಡಿಯಾರ ಹೃದಯದ ಬಡಿತ ಎಷ್ಟು ತೋರಿಸುತ್ತಿದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಅವರ ಕಿವಿ ಮಾತ್ರ ಸದಾ ಹಿಂದಕ್ಕೆ. ಸಾಲಿನ ಕೊನೆಯಲ್ಲಿ ಮಾತು ನಿಂತಿತೆಂದರೆ ಮುಂದೆ ಅವರ ಹೆಜ್ಜೆ ತಾನಾಗಿ ಸಣ್ಣದಾಗುತ್ತಿತ್ತು.

ಬೆಂಗಳೂರಿನ ಡಾಂಬರು ರಸ್ತೆಯಲ್ಲಿ ಓಟ ಕಲಿತ ನನಗೆ ಇದು ಬೇರೆಯೇ ಲೋಕ. ನಗರದಲ್ಲಿ ಓಡುವುದೆಂದರೆ ಒಂಟಿ ಕೆಲಸ. ನಸುಕಿಗೆ ಎದ್ದು, ಬೀದಿನಾಯಿಗಳನ್ನೂ ಹಾಲಿನ ವ್ಯಾನುಗಳನ್ನೂ ದಾಟಿಕೊಂಡು, ಕಿಲೋಮೀಟರಿಗೆ ಎಷ್ಟು ನಿಮಿಷ ಎಂಬ ಒಂದೇ ಲೆಕ್ಕ ಹಿಡಿದು ಓಡಿ, ಬೆವರು ಆರುವ ಮೊದಲೇ ಆಫೀಸಿಗೆ ತಯಾರಾಗಬೇಕು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕೆಲಸ ಮಾಡುವ ತಮ್ಮ ಒಂದು ದಿನ, "ಅಕ್ಕ, ಮೋಂ ಬ್ಲಾಂ ಸುತ್ತ ಓಡೋಣ ಬಾ. ಗೈಡ್ ಇರ್ತಾರೆ, ಬ್ಯಾಗು ವ್ಯಾನಲ್ಲಿ ಬರುತ್ತೆ, ನಾವು ಓಡಿದ್ರೆ ಸಾಕು" ಎಂದ. ನಾನು ಒಪ್ಪಿದ್ದು ಓಟದ ಆಸೆಗಿಂತ ಹೆಚ್ಚಾಗಿ ಅವನಿಗಾಗಿ. ಅಪ್ಪ ಹೋದ ಮೇಲೆ ನಮ್ಮಿಬ್ಬರ ಫೋನಿನಲ್ಲಿ ಉಳಿದಿದ್ದುದು ವ್ಯವಹಾರ ಮಾತ್ರ: ಅಮ್ಮನ ಮಾತ್ರೆ, ಕೊಪ್ಪದ ಮನೆಯ ಸೋರುವ ಹೆಂಚು, ತೋಟದ ಕೂಲಿ ಲೆಕ್ಕ. ಮಾತಿಗೆ ಕೊನೆ ಹೇಳಲು ಇಬ್ಬರಿಗೂ ಅವಸರ.

ಮೋಂ ಬ್ಲಾಂ ಆಲ್ಪ್ಸ್ ಪರ್ವತಗಳಲ್ಲೆಲ್ಲ ಎತ್ತರದ್ದು. ತುದಿಯಲ್ಲಿರುವುದು ಹಿಮದ ಗುಡ್ಡೆಯಾದ್ದರಿಂದ ಒಂದೊಂದು ಸಲ ಅಳೆದಾಗಲೂ ಎತ್ತರ ತುಸು ಬದಲಾಗುತ್ತದೆ. 4,800 ಮೀಟರಿಗೆ ಸ್ವಲ್ಪ ಮೇಲೆ ಎಂದರೆ ಸರಿ. ನಾವು ಹೊರಟಿದ್ದು ಆ ತುದಿಗಲ್ಲ. ಆ ಇಡೀ ಪರ್ವತಸಮೂಹವನ್ನು ಸುತ್ತಿಬರುವ ಕಾಲುದಾರಿಯೊಂದಿದೆ. ಸುಮಾರು 170 ಕಿಲೋಮೀಟರ್ ಉದ್ದ, ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶಗಳನ್ನು ಹಾಯುತ್ತದೆ. ಕಣಿವೆಯ ಊರಿನಿಂದ ಮೇಲೇರಿ, ಎರಡು ಶಿಖರಗಳ ನಡುವಿನ ತಗ್ಗನ್ನು ದಾಟಿ, ಮುಂದಿನ ಕಣಿವೆಗೆ ಇಳಿಯುವುದು, ಮತ್ತೆ ಏರುವುದು. ಆ ತಗ್ಗನ್ನು ಅಲ್ಲಿ ಕೋಲ್ ಎನ್ನುತ್ತಾರೆ. ಏರಿದ್ದನ್ನಷ್ಟೇ ಕೂಡಿಸಿದರೆ ಹತ್ತು ಸಾವಿರ ಮೀಟರ್ ಆಗುತ್ತದೆ. ನಡೆದು ಹೋಗುವವರು ಸಾಮಾನ್ಯವಾಗಿ ಹತ್ತು ಹನ್ನೊಂದು ದಿನ ಇಟ್ಟುಕೊಳ್ಳುತ್ತಾರೆ. ಇದೇ ಸುತ್ತಿನಲ್ಲಿ 2003ರಿಂದ ಆಗಸ್ಟ್ ಕೊನೆಗೆ ಒಂದು ಓಟದ ಸ್ಪರ್ಧೆಯೂ ನಡೆಯುತ್ತಿದೆ. ಮಳೆ, ಚಳಿಯಲ್ಲಿ ನಡೆದ ಮೊದಲ ವರ್ಷ ಪೂರ್ತಿ ಸುತ್ತು ಮುಗಿಸಿದವರು ನೂರು ಮಂದಿಯೂ ಇರಲಿಲ್ಲ. ಗೆದ್ದವರು ನೇಪಾಳದ ದಾವಾ ಶೆರ್ಪಾ. 2022ರಲ್ಲಿ ಓಟಗಾರ ಕಿಲಿಯನ್ ಜೋರ್ನೆಟ್ ಇಡೀ ಸುತ್ತನ್ನು ಇಪ್ಪತ್ತು ಗಂಟೆಯೊಳಗೆ ಮುಗಿಸಿದರು. ನಮ್ಮಂಥ ಗೈಡ್ ಜೊತೆಗಿನ ಗುಂಪುಗಳು ಈ ಎರಡರ ನಡುವೆ ಎಲ್ಲೋ ಬರುತ್ತವೆ. ಹಗಲು ಓಟ, ರಾತ್ರಿ ಬಿಸಿ ಊಟ, ಒಣಗಿದ ಹಾಸಿಗೆ.

ಮೋಂ ಬ್ಲಾಂ ಬುಡದಲ್ಲಿರುವ ಫ್ರಾನ್ಸಿನ ಶಾಮೊನಿ ಊರಿನಲ್ಲಿ ಗೈಡ್ ಎನ್ನುವುದು ಹಳೆಯ ಕಸುಬು. ಜಿನೀವಾದ ವಿಜ್ಞಾನಿ ಸೊಸ್ಯೂರ್ 1760ರಲ್ಲಿ ಮೋಂ ಬ್ಲಾಂ ಏರಿದವರಿಗೆ ಬಹುಮಾನ ಕೊಡುತ್ತೇನೆಂದು ಸಾರಿದರು. ಆ ಸವಾಲು ಈಡೇರಿದ್ದು 1786ರ ಆಗಸ್ಟ್ 8ರಂದು, ಹರಳುಕಲ್ಲು ಹುಡುಕಿ ಮಾರುತ್ತಿದ್ದ ಬಾಲ್ಮಾ ಮತ್ತು ಊರಿನ ವೈದ್ಯ ಪಕ್ಕಾರ್ ಇಬ್ಬರೂ ತುದಿ ಮುಟ್ಟಿದಾಗ. ಊರಿನ ನಡುವೆ ಬಾಲ್ಮಾ ಶಿಖರದ ಕಡೆ ಬೆರಳು ತೋರಿಸುತ್ತ ಸೊಸ್ಯೂರ್ ಪಕ್ಕದಲ್ಲಿ ನಿಂತ ಪ್ರತಿಮೆ 1887ರಿಂದ ಇದೆ. ಜೊತೆಗೆ ಏರಿದ್ದ ವೈದ್ಯನ ಪ್ರತಿಮೆ ಬಂದದ್ದು ಇನ್ನೂರು ವರ್ಷ ತುಂಬಿದಾಗ, 1986ರಲ್ಲಿ. ಅದೇ ಊರಿನ ಮರಿ ಪರಾದಿ ಎಂಬ ಮನೆಗೆಲಸದ ಹೆಣ್ಣುಮಗಳು 1808ರಲ್ಲಿ ತುದಿ ಮುಟ್ಟಿದ ಮೊದಲ ಮಹಿಳೆ. ಹೊರಡುವ ಮುನ್ನಾದಿನ ಈ ಬೀದಿಗಳಲ್ಲಿ ಸುತ್ತಾಡುವಾಗ ನನ್ನ ಮನಸ್ಸು ಹೋದದ್ದು ಅವಳ ಕಡೆಗೇ. ಆ ಕಾಲದ ಉದ್ದ ಲಂಗದಲ್ಲಿ, ಉಣ್ಣೆ ಬಟ್ಟೆಯಲ್ಲಿ, ಆ ಹಿಮದಲ್ಲಿ! ಇಲ್ಲಿನ ಗೈಡುಗಳ ಸಂಘ 1821ರಲ್ಲಿ ಹುಟ್ಟಿತು. ಅದಕ್ಕೆ ಹಿಂದಿನ ವರ್ಷ ಹಿಮಕುಸಿತದಲ್ಲಿ ಮೂವರು ಗೈಡುಗಳು ಸತ್ತಿದ್ದರು. ಸತ್ತವರ ಮನೆಯವರಿಗೆ ನೆರವಾಗಬೇಕು ಎಂಬುದೂ ಸಂಘ ಕಟ್ಟಿದ ಕಾರಣಗಳಲ್ಲೊಂದು.

ನಮ್ಮ ಗೈಡ್ ಹಗ್ಗ, ಹಿಮಗೊಡಲಿ ಹಿಡಿದು ಶಿಖರಕ್ಕೆ ಕರೆದೊಯ್ಯುವ ವರ್ಗದವರಲ್ಲ. ಮಧ್ಯಮ ಎತ್ತರದ ಬೆಟ್ಟಗಳಲ್ಲಿ ಜನರನ್ನು ನಡೆಸಲು ಬೇರೆಯೇ ಪರವಾನಗಿ ಇದೆ. ಅದು ಇರುವವರು ಹಿಮನದಿಯ ಮೇಲೆ ಕಾಲಿಡುವಂತಿಲ್ಲ, ಹಗ್ಗ ಬೇಕಾಗುವ ಬಂಡೆಗೆ ಗುಂಪನ್ನು ಹತ್ತಿಸುವಂತಿಲ್ಲ. ಅವರು ಸವೊಯ್ ಕಡೆಯವರು, ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಗುಂಪಿನಲ್ಲಿ ವೇಲ್ಸಿನ ಶಾಲೆಯೊಂದರ ಶಿಕ್ಷಕಿ, ಹಾಲೆಂಡಿನ ಗಂಡ ಹೆಂಡತಿ, ಮ್ಯೂನಿಕ್‌ನ ಒಬ್ಬ ಎಂಜಿನಿಯರ್, ನಾನು, ತಮ್ಮ. ಲೆಜೂಷ್ ಎಂಬ ಹಳ್ಳಿಯಲ್ಲಿ ಹೊರಡುವ ಮೊದಲು ಅವರು ಎಲ್ಲರ ಬೆನ್ನಿನ ಚೀಲ ಬಿಚ್ಚಿಸಿ ನೋಡಿದರು. ಮಳೆ ಜಾಕೆಟ್, ಕೈಗವಸು, ತಲೆಗೆ ಕಟ್ಟುವ ಟಾರ್ಚು, ಸೀಟಿ, ಮೈ ಬೆಚ್ಚಗಿಡುವ ಬೆಳ್ಳಿ ಬಣ್ಣದ ತೆಳು ಹಾಳೆ, ಒಂದೂವರೆ ಲೀಟರ್ ನೀರು. ನನ್ನ ಚೀಲದಲ್ಲಿ ಕಡಲೆಕಾಯಿ ಚಿಕ್ಕಿಯ ಜೊತೆ ಅಮ್ಮ ಕೊಟ್ಟುಕಳಿಸಿದ ಒಣಗಿಸಿದ ಉಪ್ಪು ನಿಂಬೆಹಣ್ಣಿತ್ತು. ಅವರು ಒಂದು ಚೂರು ನಾಲಗೆಯ ಮೇಲಿಟ್ಟುಕೊಂಡು, ಬೆವರಿಗೆ ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದರು. ಅಮ್ಮನಿಗೆ ಇದನ್ನು ಅಂದು ರಾತ್ರಿಯೇ ಫೋನಿನಲ್ಲಿ ಹೇಳಿದೆವು.

ಟ್ರೇಲ್ ರನ್ನಿಂಗ್ ಎಂದರೆ ದಿನವಿಡೀ ಓಡುವುದು ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಕಡಿದಾದ ಏರಿನಲ್ಲಿ ಲೋಕದ ಒಳ್ಳೊಳ್ಳೆಯ ಓಟಗಾರರೂ ನಡೆಯುತ್ತಾರೆ. ಅಲ್ಲಿ ಓಡಿದರೆ ಸಿಗುವ ವೇಗ ತೀರಾ ಅಲ್ಪ, ಖರ್ಚಾಗುವ ಶಕ್ತಿ ಬಹಳ. ತೊಡೆಯ ಮೇಲೆ ಅಂಗೈಯೂರಿ ಅಥವಾ ಎರಡು ಕೋಲುಗಳನ್ನು ನೆಲಕ್ಕೆ ಒತ್ತಿ, ಸಣ್ಣ ಹೆಜ್ಜೆಯಲ್ಲಿ ಏರಬೇಕು. ಸಮತಟ್ಟಾದಲ್ಲಿ, ಹದವಾದ ಇಳಿಜಾರಿನಲ್ಲಿ ಮಾತ್ರ ಓಟ. ಇದರಿಂದ ದಿನಕ್ಕೆ ಒಂದು ವಿನ್ಯಾಸ ತಾನಾಗಿ ಬರುತ್ತದೆ. ಏರುವಾಗ ಗಂಟೆಗಟ್ಟಲೆ ಮಾತು. ಇಳಿಯುವಾಗ ಮೌನ, ಏಕೆಂದರೆ ಕಣ್ಣು ಮನಸ್ಸು ಎರಡೂ ನೆಲದ ಮೇಲಿರಬೇಕು.

ಮೊದಲ ದೊಡ್ಡ ಏರು ಕೋಲ್ ದ ತ್ರಿಕೋದ್ದು. ಬಿಯೊನಾಸೇ ಹಿಮನದಿಯಿಂದ ಬೂದು ಬಣ್ಣದಲ್ಲಿ ಧುಮ್ಮಿಕ್ಕುವ ನೀರಿನ ಮೇಲೆ ಹಗ್ಗದ ತೂಗುಸೇತುವೆಯಿದೆ. ಅದನ್ನು ಒಬ್ಬೊಬ್ಬರಾಗಿ ದಾಟಿ, ಹುಲ್ಲಿನ ಬಯಲು ಏರಿ, 2,120 ಮೀಟರಿನ ತಗ್ಗಿಗೆ ತಲುಪಿದೆವು. ಅಲ್ಲಿಂದ ಕೆಳಗೆ ಮಿಯಾಜ್ ಎಂಬ ಬಯಲಿನಲ್ಲಿ ದನದ ಕೊಟ್ಟಿಗೆಗಳು, ಕಲ್ಲುಚಪ್ಪಡಿ ಹೊದೆಸಿದ ಮಾಡುಗಳು. ಇಳಿಯುವುದನ್ನು ಗೈಡ್ ಕಲಿಸಿದ್ದು ಅಲ್ಲೇ. ದೇಹ ಹಿಂದಕ್ಕೆ ವಾಲಬಾರದು. ಹಿಂದೆ ವಾಲಿದರೆ ಹಿಮ್ಮಡಿ ಜಾರುತ್ತದೆ. ಹೆಜ್ಜೆ ಚಿಕ್ಕದು, ಚುರುಕು; ಮೊಣಕಾಲು ಸಡಿಲ; ನೋಟ ಕಾಲಿನ ಬುಡಕ್ಕಲ್ಲ, ಮೂರು ಹೆಜ್ಜೆ ಮುಂದಕ್ಕೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ತೋಟದ ದರೆ ಇಳಿದು ಶಾಲೆಗೆ ಓಡುತ್ತಿದ್ದ ನಮ್ಮಿಬ್ಬರಿಗೂ ಇದು ಮೈಯಲ್ಲೇ ಇತ್ತು. ತಮ್ಮ ಗಾಳಿಯಾಗಿಬಿಟ್ಟ. ಕೆಳಗೆ ಕಾದು ನಿಂತವನ ಮುಖದಲ್ಲಿ ಹತ್ತು ವರ್ಷದ ಹುಡುಗನ ನಗು.

ಇಳಿಜಾರಿನ ಸುಖಕ್ಕೆ ಬೆಲೆಯಿದೆ. ಅದನ್ನು ತೆರುವುದು ಮಾರನೆಯ ದಿನ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಇಡೀ ಮೈಯ ಭಾರ ತಡೆದು ನಿಲ್ಲಿಸಬೇಕು. ಈ ಬಗೆಯ ಎಳೆತದಲ್ಲಿ ಸ್ನಾಯುವಿನ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟುಗಳಾಗುತ್ತವೆ. ನೋವು ಆಗಲೇ ಬರುವುದಿಲ್ಲ. ಒಂದು ದಿನ ಕಳೆದು ಶುರುವಾಗಿ, ಎರಡನೆಯ ಮೂರನೆಯ ದಿನಕ್ಕೆ ಜೋರಾಗಿ, ಮೆಟ್ಟಿಲು ಇಳಿಯಲೂ ಕೈಹಿಡಿ ಬೇಕಾಗುತ್ತದೆ. ಹಲವು ದಿನ ಸಾಲಾಗಿ ಓಡುವ ಇಂಥ ಪ್ರವಾಸದಲ್ಲಿ ಜನ ಸೋಲುವುದು ಏರಿನಲ್ಲಲ್ಲ, ಮೂರನೆಯ ಬೆಳಗಿನ ಇಳಿಜಾರಿನಲ್ಲಿ. ಸಮಾಧಾನದ ಸಂಗತಿಯೆಂದರೆ ಒಮ್ಮೆ ಈ ಪೆಟ್ಟು ತಿಂದ ಸ್ನಾಯು ಕೆಲವು ವಾರಗಳವರೆಗೆ ಅಂಥದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಅದಕ್ಕೇ ಹೊರಡುವ ಮುಂಚಿನ ವಾರಗಳಲ್ಲಿ ನಾನು ಸುಲ್ತಾನ್‌ಪೇಟೆ ಕಡೆಯಿಂದ ನಂದಿಬೆಟ್ಟದ ಹಳೆಯ ಮೆಟ್ಟಿಲು ಹತ್ತಿ, ಇಳಿಯುವುದನ್ನೇ ಮುಖ್ಯ ಅಭ್ಯಾಸ ಮಾಡಿಕೊಂಡಿದ್ದೆ. ಬೆಟ್ಟದ ಓಟಕ್ಕೆ ಹೊರಡುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ: ಏರುವುದಕ್ಕೆ ಎದೆ ಬೇಕು, ಅದು ಬೆಂಗಳೂರಿನಲ್ಲೂ ಸಿದ್ಧವಾಗುತ್ತದೆ, ಇಳಿಯುವುದಕ್ಕೆ ತೊಡೆ ಬೇಕು, ಅದಕ್ಕೆ ಇಳಿಜಾರೇ ಬೇಕು.

ಲೆ ಕೊಂತಾಮಿನ್ ದಾಟಿ, ರೋಮನ್ನರ ಕಾಲದ್ದೆಂದು ಹೇಳುವ ಕಲ್ಲುಹಾಸಿನ ದಾರಿಯಲ್ಲಿ ಏರಿ, ಕೋಲ್ ದ್ಯು ಬೊನೊಮ್ ಎಂಬ 2,329 ಮೀಟರ್ ಎತ್ತರದ ತಗ್ಗಿಗೆ ಬಂದಾಗ ಮಧ್ಯಾಹ್ನ. ಅಲ್ಲಿಂದ ಬಂಡೆಗಳ ನಡುವೆ ಅಡ್ಡಹಾಯ್ದು ಇನ್ನೂ ಮೇಲಿರುವ ರೆಫ್ಯೂಜ್ ತಲುಪಬೇಕು. ರೆಫ್ಯೂಜ್ ಎಂದರೆ ಬೆಟ್ಟದ ಮೇಲಿನ ತಂಗುಮನೆ. ದಣಿದವರಿಗೆ ಸೂಪು, ಮಲಗಲು ಸಾಲು ಹಾಸಿಗೆ. ಅದರ ಬಳಿ ದಾರಿ ಕವಲಾಗುತ್ತದೆ. ಒಂದು ನೇರ ಕೆಳಕ್ಕೆ, ಲೆ ಶಾಪಿಯೂ ಎಂಬ ಪುಟ್ಟ ಊರಿಗೆ, ಸುಮಾರು 900 ಮೀಟರ್ ಇಳಿತ. ಇನ್ನೊಂದು 2,665 ಮೀಟರಿನ ಕೋಲ್ ದೆ ಫೂರ್ ದಾಟಿ ಮುಂದಿನ ಕಣಿವೆಯ ತಲೆಗೇ ಇಳಿಯುವ ದಾರಿ. ಎಲ್ಲರ ಮನಸ್ಸಿದ್ದುದು ಮೇಲಿನದರ ಮೇಲೆ. ನಕ್ಷೆಯಲ್ಲಿ ನಾವು ಆ ಗೆರೆಯನ್ನು ಮನೆಯಿಂದಲೇ ನೋಡಿಕೊಂಡು ಬಂದಿದ್ದೆವು. ಮ್ಯೂನಿಕ್‌ನವರಂತೂ ಆಗಲೇ ಜಾಕೆಟ್ಟಿನ ಜಿಪ್ಪು ಎಳೆದುಕೊಂಡು ಆ ಕಡೆ ತಿರುಗಿ ನಿಂತಿದ್ದರು.

ಗೈಡ್ ಪಶ್ಚಿಮಕ್ಕೆ ನೋಡಿದರು. ಬೆಳಿಗ್ಗೆ ಚೂರು ಚೂರಾಗಿದ್ದ ಮೋಡ ಈಗ ಒಂದರ ಮೇಲೊಂದು ಗೋಪುರ ಕಟ್ಟುತ್ತಿತ್ತು. ಬೇಸಿಗೆಯ ಆಲ್ಪ್ಸ್‌ನಲ್ಲಿ ನಡುಹಗಲ ಬಿಸಿಲಿಗೆ ಕಣಿವೆಯ ತೇವ ಮೇಲೆದ್ದು ಸಂಜೆಗೆ ಸಿಡಿಲಾಗುವುದು ವಾಡಿಕೆ. ಅದಕ್ಕೇ ಅಲ್ಲಿ ಬೆಳಗ್ಗೆ ಬೇಗ ಹೊರಡುತ್ತಾರೆ. "ಕೆಳಗೆ ಹೋಗೋಣ" ಎಂದರು. ಎಂಜಿನಿಯರ್ ವಾದಿಸಿದರು: ಮೇಲಿನ ತಗ್ಗಿಗೆ ಇನ್ನು ಇನ್ನೂರು ಚಿಲ್ಲರೆ ಮೀಟರ್ ಏರಿದರೆ ಆಯಿತು, ನಾವು ಚುರುಕಾಗಿದ್ದೇವೆ, ಸಿಡಿಲಿಗೆ ಮೊದಲೇ ದಾಟುತ್ತೇವೆ. ಗೈಡ್ ಕೇಳಿದ್ದು ಒಂದೇ ಪ್ರಶ್ನೆ. "ಮೇಲೆ ನಮ್ಮಲ್ಲಿ ಒಬ್ಬರ ಕಾಲು ಉಳುಕಿದರೆ ನಮ್ಮ ವೇಗ ಎಷ್ಟಿರುತ್ತದೆ?" ಯಾರೂ ಮಾತಾಡಲಿಲ್ಲ. ಅವರು ಆಗಲೇ ಕೆಳಗಿನ ದಾರಿ ಹಿಡಿದಿದ್ದರು.

ಇಳಿದು ಶಾಪಿಯೂ ತಲುಪಿ ಶೂ ಬಿಚ್ಚುವ ಹೊತ್ತಿಗೆ ಮೊದಲ ಸಿಡಿಲು. ಆಮೇಲೆ ಸಂಜೆಯವರೆಗೂ ಆ ತಗ್ಗಿನ ಮೇಲೆ ಆಕಾಶ ಬಿರಿಯುತ್ತಲೇ ಇತ್ತು. ಸಿಡಿಲು ಬಾರದೇ ಇದ್ದಿದ್ದರೂ ಅವರ ನಿರ್ಧಾರ ಸರಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಸುತ್ತಿನ ದಾರಿಗೆ ಗೈಡ್ ಯಾಕೆ ಎಂದು ಜನ ಕೇಳುತ್ತಾರೆ. ಫ್ರಾನ್ಸ್‌ನಲ್ಲಿ ಬಂಡೆಗಳ ಮೇಲೆ ಕೆಂಪು ಬಿಳಿ ಪಟ್ಟಿ, ಸ್ವಿಟ್ಜರ್ಲೆಂಡಿನಲ್ಲಿ ಹಳದಿ ಫಲಕ, ಕಳೆದುಹೋಗುವುದೇ ಕಷ್ಟ. ದಾರಿ ತೋರಿಸುವುದಕ್ಕಲ್ಲ ನಾವು ಹಣ ಕೊಟ್ಟದ್ದು. ಆರು ಮಂದಿಯ ಆಸೆ ಒಂದು ಕಡೆ ಎಳೆಯುವಾಗ, ಅತ್ಯಂತ ನಿಧಾನದ, ಅತ್ಯಂತ ಕೆಟ್ಟ ಗಳಿಗೆಯನ್ನು ಲೆಕ್ಕಕ್ಕೆ ಹಿಡಿದು ಬೇಡ ಎನ್ನಬಲ್ಲ ಒಬ್ಬರು ಬೇಕು. ಗುಂಪಿನ ಒಳಗಿನವರಿಗೆ ಅದು ಆಗುವುದಿಲ್ಲ. ಎಲ್ಲರೂ ಒಂದೇ ಕನಸು ಕಂಡು ಬಂದಿರುತ್ತಾರೆ.

ಊಟದ ಬಗ್ಗೆ ಹೇಳಬೇಕು. ಸಸ್ಯಾಹಾರಿಗಳಿಗೆ ಆ ಬೆಟ್ಟಗಳಲ್ಲಿ ಏನು ಸಿಗುತ್ತದೆ ಎಂದು ಅಮ್ಮ ಆತಂಕಪಟ್ಟಿದ್ದಳು. ಸಿಗುವುದು ಗಿಣ್ಣು ಅಂದರೆ ಚೀಸ್, ಬ್ರೆಡ್ಡು, ಸೂಪು, ಮೊಟ್ಟೆ ತಿನ್ನುವವರಿಗೆ ಆಮ್ಲೆಟ್. ಶಾಪಿಯೂ ಆಚೆಗಿನ ಕಣಿವೆಯಲ್ಲಿ ಬೋಫೋರ್ ಎಂಬ ಗಟ್ಟಿ ಗಿಣ್ಣು ಮಾಡುವ ಡೈರಿಯಿದೆ. ಬೇಸಿಗೆಯಲ್ಲಿ ಅದೇ ಬೆಟ್ಟದ ಹುಲ್ಲು ಮೇಯುವ ದನಗಳ ಹಾಲು. ಇಟಲಿಯ ಕಡೆ ಇಳಿದ ಮೇಲೆ ಪೊಲೆಂಟಾ: ಮೆಕ್ಕೆಜೋಳದ ಹಿಟ್ಟನ್ನು ಗೊಟಾಯಿಸಿ ಬೇಯಿಸಿ ಉಂಡೆಯಾಗಿ ತಟ್ಟೆಗೆ ಹಾಕಿ, ಮೇಲೆ ಫೊಂತೀನಾ ಗಿಣ್ಣು ಕರಗಿಸುತ್ತಾರೆ. ತಮ್ಮ ಮೊದಲ ತುತ್ತಿಗೇ "ಅಕ್ಕ, ಇದು ನಮ್ಮ ಮುದ್ದೆಯ ತಂಗಿ" ಎಂದು ಕೈಯಲ್ಲೇ ಮುರಿದು ತಿಂದ. ಓಡುವ ದಿನಗಳಲ್ಲಿ ಹಸಿವು ಬರೀ ಹೊಟ್ಟೆಯದಲ್ಲ. ಸಂಜೆಯಾಗುತ್ತಿದ್ದಂತೆ ಇಡೀ ಮೈ ಅನ್ನ ಕೇಳುತ್ತದೆ. ಆ ಹಸಿವಿಗೆ ಬಡಿಸಿದ ಊಟದ ರುಚಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೋಲ್ ದ ಲಾ ಸೇನ್ಯ, 2,516 ಮೀಟರ್. ಇಲ್ಲಿ ಫ್ರಾನ್ಸ್ ಮುಗಿದು ಇಟಲಿ ಶುರು. ತಡೆಗಂಬವಿಲ್ಲ, ಪೊಲೀಸರಿಲ್ಲ; ತುಸು ಕೆಳಗಿರುವ ಹಳೆಯ ಗಡಿಕಾವಲಿನ ಮನೆ ಈಗ ಬೆಟ್ಟದ ಬಗ್ಗೆ ಮಾಹಿತಿ ಕೊಡುವ ಕೇಂದ್ರ. ವೀಸಾಕ್ಕಾಗಿ ಬೆಂಗಳೂರಿನಲ್ಲಿ ಕಾಗದಗಳ ಕಟ್ಟು ಹಿಡಿದು ಕೂತಿದ್ದ ನನಗೆ, ಒಂದು ಹೆಜ್ಜೆಯಲ್ಲಿ ದೇಶ ಬದಲಾಗುವುದು ನಂಬಲಾಗದ ಸ್ವಾತಂತ್ರ್ಯ ಎನ್ನಿಸಿತು. ಮೋಂ ಬ್ಲಾಂನ ಇಟಲಿ ಮಗ್ಗುಲು ಫ್ರಾನ್ಸಿನದರಂತೆ ದುಂಡಗಿಲ್ಲ. ಕಡಿದ ಬಂಡೆಗೋಡೆ, ಚೂಪು ಕೋಡುಗಳು. ಕೆಳಗೆ ಮಿಯಾಜ್ ಹಿಮನದಿ ಕಲ್ಲುಮಣ್ಣು ಹೊದ್ದು ಹರಡಿದೆ. ಕೆಳಗೆ ಹಿಮವಿದೆ ಎಂದು ಹೇಳಿದರಷ್ಟೇ ತಿಳಿಯಬೇಕು.

ಕೂರ್ಮಾಯೊರ್ ಊರಿನಿಂದ ಮೇಲೇರಿದರೆ ಬೆರ್ತೋನೆ ತಂಗುಮನೆ. ಅಲ್ಲಿಂದ ಬೊನಾತ್ತಿ ತಂಗುಮನೆಯವರೆಗೆ ಬೆಟ್ಟದ ಮಗ್ಗುಲಲ್ಲಿ ಹೆಚ್ಚು ಏರಿಳಿತವಿಲ್ಲದೆ ಸಾಗುವ ಮೆತ್ತನೆಯ ಮಣ್ಣುದಾರಿ. ಇಡೀ ಸುತ್ತಿನಲ್ಲಿ ಓಡಲೆಂದೇ ಇರುವ ದಾರಿ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಎಡಕ್ಕೆ ಕಣಿವೆಯಾಚೆ ಗ್ರಾಂಡ್ ಜೊರಾಸ್‌ನ ಗೋಡೆ 4,208 ಮೀಟರಿಗೆ ಎದ್ದಿದೆ. ಅದರ ಕೆಳಗೆ ಪ್ಲಾಂಪಿನ್ಸಿಯೂ ಹಿಮನದಿ ಕಡಿದಾದ ಬಂಡೆಯ ಮೇಲೆ ತೂಗಿಕೊಂಡಿದೆ. ಗೈಡ್ ನಮ್ಮನ್ನು ನಿಲ್ಲಿಸಿ ತೋರಿಸಿದರು. 2019ರ ಸೆಪ್ಟೆಂಬರಿನಲ್ಲಿ ಅದರ ದೊಡ್ಡ ಭಾಗ ಕಳಚಿ ಬೀಳಬಹುದೆಂದು ಕೂರ್ಮಾಯೊರ್‌ನ ಮೇಯರ್ ಕೆಳಗಿನ ರಸ್ತೆ ಮುಚ್ಚಿಸಿದ್ದರು. ಮರುವರ್ಷ ಬೇಸಿಗೆಯಲ್ಲಿ ಮತ್ತೆ ಜನರನ್ನು ತೆರವು ಮಾಡಿಸಿದರು. ಬಿಸಿ ಏರಿದಂತೆ ಹಿಮದ ಬುಡಕ್ಕೆ ನೀರು ಸೇರಿ ಬಂಡೆಯಿಂದ ಅದರ ಹಿಡಿತ ಸಡಿಲುತ್ತದೆ. ಗೈಡ್ ತಾವು ಹುಡುಗಿಯಾಗಿದ್ದಾಗ ನೋಡಿದ ಹಿಮದ ಅಂಚು ಎಲ್ಲಿತ್ತು ಎಂದು ಕೋಲಿನಿಂದ ಗಾಳಿಯಲ್ಲಿ ಗೆರೆ ಎಳೆದರು. ಆ ಗೆರೆಗೂ ಇಂದಿನ ಅಂಚಿಗೂ ನಡುವೆ ಬರೀ ಬೋಳು ಬಂಡೆ. ಅಷ್ಟು ದಿನಗಳಲ್ಲಿ ಅವರ ದನಿ ನಡುಗಿದ್ದು ಅಲ್ಲಿ ಮಾತ್ರ.

ವಾಲ್ಟರ್ ಬೊನಾತ್ತಿಯ ಹೆಸರಿನ ತಂಗುಮನೆಯಲ್ಲಿ ಚಹಾ ಕುಡಿಯುವಾಗ ತಮ್ಮ ಅವರ ಕತೆ ಹೇಳಿದ. 1954ರಲ್ಲಿ ಇಟಲಿಯ ತಂಡ ಕೆ2 ಶಿಖರ ಏರಿತು. ತುದಿ ಮುಟ್ಟಿದ ಇಬ್ಬರಿಗೆ ಬೇಕಾದ ಆಮ್ಲಜನಕದ ಸಿಲಿಂಡರುಗಳನ್ನು ಹೊತ್ತು ಏರಿದವರು ಇಪ್ಪತ್ನಾಲ್ಕರ ಬೊನಾತ್ತಿ ಮತ್ತು ಹುಂಜಾದ ಹಮಾಲಿ ಅಮೀರ್ ಮೆಹದಿ. ಹೇಳಿದ ಜಾಗದಲ್ಲಿ ಡೇರೆ ಸಿಗದೆ ಇಬ್ಬರೂ ಎಂಟು ಸಾವಿರ ಮೀಟರಿಗೂ ಮೇಲೆ ಬಯಲಿನಲ್ಲಿ ರಾತ್ರಿ ಕಳೆದರು. ಮೆಹದಿ ಕಾಲ್ಬೆರಳುಗಳನ್ನು ಕಳೆದುಕೊಂಡರು. ಆ ರಾತ್ರಿಯ ಬಗ್ಗೆ ಬೊನಾತ್ತಿ ಹೇಳಿದ್ದು ನಿಜ ಎಂದು ಇಟಲಿಯ ಪರ್ವತಾರೋಹಿ ಸಂಘ ಒಪ್ಪಲು ಅರ್ಧ ಶತಮಾನ ಹಿಡಿಯಿತು. ಕತೆ ಮುಗಿಸಿ ತಮ್ಮ ಸುಮ್ಮನೆ ಲೋಟ ತಿರುಗಿಸುತ್ತಿದ್ದ. ಆಮೇಲೆ, "ತೋಟದ ಕೆಲಸಕ್ಕೆ ಅಪ್ಪನ ಜೊತೆ ಇರ್ತಿದ್ರಲ್ಲ, ಅವರಿಗೆ ನಾವು ಏನೂ ಮಾಡ್ಲಿಲ್ಲ ಅಕ್ಕ" ಎಂದ. ಅಪ್ಪನ ಕೊನೆಯ ವರ್ಷಗಳಲ್ಲಿ ತೋಟವನ್ನೂ ಅಪ್ಪನನ್ನೂ ನೋಡಿಕೊಂಡಿದ್ದವರ ಬಗ್ಗೆ ಅವನ ಮಾತು.

ಅಲ್ಲಿಂದ ಮುಂದೆ ಗ್ರಾಂ ಕೋಲ್ ಫೆರೆಗೆ ಏರು. 2,537 ಮೀಟರ್, ಇಟಲಿ ಸ್ವಿಟ್ಜರ್ಲೆಂಡಿನ ಗಡಿ. ಹುಲ್ಲಿನ ಇಳಕಲಿನಲ್ಲಿ ಅಂಕುಡೊಂಕಾಗಿ ಏರುವ ದಾರಿ. ಗೈಡ್ ಹಾಕಿಕೊಟ್ಟ ಅದೇ ಗತಿ, ಮಾತು ಕಡಿಯದಷ್ಟು. ಆ ಏರಿನಲ್ಲಿ ನಾವು ಮನೆಯ ವಿಷಯ ಪೂರ್ತಿ ಮಾತಾಡಿದೆವು.

ಮನೆ, ತೋಟ ಎರಡನ್ನೂ ಮಾರಿಬಿಡೋಣ ಎಂದು ತಮ್ಮ ಫೋನಿನಲ್ಲಿ ಹೇಳುತ್ತ ಬಂದಿದ್ದ. ಯಾಕೆ ಎಂಬುದನ್ನು ಅವನ ಬಾಯಿಂದ ಕೇಳಿದ್ದು ಆ ಬೆಟ್ಟದಲ್ಲಿ. "ರಜೆಗೆ ಬಂದಾಗ ನಂಗೆ ಅಲ್ಲಿ ಅತಿಥಿ ಥರ ಆಗುತ್ತೆ. ಜಗಲೀಲಿ ಅಪ್ಪನ ಕುರ್ಚಿ ಹಾಗೇ ಇರುತ್ತೆ. ತೋಟಕ್ಕೆ ಇಳಿದ್ರೆ ಯಾವ ಮರಕ್ಕೆ ಕೊಳೆ ಬಂದಿದೆ ಅಂತ ನಂಗೆ ತಿಳಿಯಲ್ಲ. ಅಮ್ಮ ಏನೂ ಕೇಳಲ್ಲ. ಅದೇ ತಡ್ಕೊಳಕ್ಕೆ ಆಗಲ್ಲ ಅಕ್ಕ." ಇದನ್ನು ಅವನು ನನ್ನ ಮುಖ ನೋಡಿ ಹೇಳಲಿಲ್ಲ, ನನ್ನ ಶೂಗಳ ಹಿಮ್ಮಡಿ ನೋಡುತ್ತ, ಒಂದು ಹೆಜ್ಜೆ ಹಿಂದಿನಿಂದ ಹೇಳಿದ. ಎದುರಾಬದುರು ಕೂತಿದ್ದರೆ ಹೇಳುತ್ತಿರಲಿಲ್ಲ. ಹೆಜ್ಜೆಗೆ ಒಂದು ಲಯ, ಉಸಿರಿಗೆ ಒಂದು ಲಯ, ಅವುಗಳ ನಡುವೆ ಮಾತು ತಾನಾಗಿ ಹೊರಬರುತ್ತಿತ್ತು. ಮೌನವಾದರೂ ಮುಜುಗರವಿಲ್ಲ, ಕಾಲು ನಡೆಯುತ್ತಲೇ ಇರುತ್ತದೆ. ನಾನೂ ಹೇಳಿದೆ. ಅಮ್ಮನನ್ನು ಬೆಂಗಳೂರಿಗೆ ಕರೆತಂದಾಗಲೆಲ್ಲ ಅವಳು ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುವುದು, ಮೂರನೆಯ ದಿನಕ್ಕೆ ಊರಿನ ಬಸ್ಸಿನ ಹೊತ್ತು ಕೇಳುವುದು, ಅದನ್ನು ನೋಡುತ್ತ ನನಗಾಗುವುದು. ಗಡಿಯ ಕಲ್ಲಿನ ಬಳಿ ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನಾವಿಬ್ಬರೂ ಗಾಳಿಗೆ ಬೆನ್ನು ಮಾಡಿ ಕೂತು, ಮಾರುವುದು ಬೇಡ ಎಂದು ತೀರ್ಮಾನಿಸಿದ್ದೆವು.

ಸ್ವಿಟ್ಜರ್ಲೆಂಡಿನ ಭಾಗ ಬೇಗ ಮುಗಿಯಿತು. ಲಾ ಫೂಲಿ, ಜೆರೇನಿಯಂ ಹೂಕುಂಡಗಳ ಹಳ್ಳಿಗಳು, ಕಾಡಿನ ನೆರಳು, ಶಾಂಪೆ ಊರಿನ ಕೆರೆ. ಅಲ್ಲಿಂದ ಮುಂದೆ ಮತ್ತೆ ಒಂದು ಕವಲು: ಫನೆತ್ರ್ ದಾರ್ಪೆತ್ ಎಂಬ, ಕೋಲ್ ದೆ ಫೂರ್‌ನಷ್ಟೇ 2,665 ಮೀಟರಿನ ಕಲ್ಲುಗುಡ್ಡೆಯ ದಾರಿ, ಇಲ್ಲವೇ ಬೋವಿನ್ ಎಂಬ ಹುಲ್ಲುಗಾವಲಿನ ದಾರಿ. ಈ ಸಲ ಯಾರೂ ಮೇಲಿನದನ್ನು ಕೇಳಲಿಲ್ಲ. ಶಿಕ್ಷಕಿಯ ಮೊಣಕಾಲು ನೋಯುತ್ತಿತ್ತು, ಮ್ಯೂನಿಕ್‌ನವರೇ ಮೊದಲು ಬೋವಿನ್ ಎಂದರು. ಅಲ್ಲಿ ಮೇಯುತ್ತಿದ್ದುದು ಎರೆನ್ಸ್ ತಳಿಯ ಕಪ್ಪು ದನಗಳು. ಗಟ್ಟಿಮುಟ್ಟಾದ ಗಿಡ್ಡ ಹಸುಗಳು. ಮಂದೆಯಲ್ಲಿ ಯಾರು ಹಿರಿಯಳು ಎಂದು ಕೊಂಬು ಕೊಟ್ಟು ತಾವೇ ಇತ್ಯರ್ಥ ಮಾಡಿಕೊಳ್ಳುತ್ತವೆ, ಆ ಕಾದಾಟ ನೋಡಲು ಊರೂರಿನ ಜನ ಸೇರುತ್ತಾರೆ. ಸ್ವಿಸ್ ಹಳದಿ ಫಲಕಗಳಲ್ಲಿ ದೂರ ಬರೆದಿರುವುದಿಲ್ಲ, ಸಮಯ ಬರೆದಿರುತ್ತದೆ. ಬೆಟ್ಟದಲ್ಲಿ ಮೂರು ಕಿಲೋಮೀಟರ್ ಎಂಬುದಕ್ಕೆ ಅರ್ಥವೇ ಇಲ್ಲ, ಒಂದೂವರೆ ಗಂಟೆ ಎಂಬುದಕ್ಕೆ ಇದೆ. ಮಲೆನಾಡಿನಲ್ಲಿ ನಮ್ಮಜ್ಜ ದಾರಿ ಹೇಳುತ್ತಿದ್ದುದೂ ಹೀಗೆಯೇ.

ಕೊನೆಯ ದಿನದ ದಾರಿ ಶಾಮೊನಿ ಕಣಿವೆಯ ಉತ್ತರದ ಮಗ್ಗುಲಲ್ಲಿ, ಫ್ಲೆಜೇರ್‌ನಿಂದ 2,525 ಮೀಟರಿನ ಬ್ರೆವಾಂ ತುದಿಗೆ. ಸುತ್ತಿ ಬಂದ ಪರ್ವತ ಪೂರ್ತಿ ಎದುರಿಗೆ. ಅದರ ತುದಿಯಿಂದ ಬೊಸ್ಸೋಂ ಹಿಮನದಿ ಒಡೆದ ಬಿಳಿ ಮೆಟ್ಟಿಲುಗಳಾಗಿ ಕಾಡಿನ ಕಡೆಗೆ ಇಳಿಯುತ್ತದೆ. ಆ ಹಿಮನದಿಯಲ್ಲಿ ನಮ್ಮವರಿದ್ದಾರೆ. 1950ರ ನವೆಂಬರ್ 3ರಂದು ಏರ್ ಇಂಡಿಯಾದ ಮಲಬಾರ್ ಪ್ರಿನ್ಸೆಸ್ ವಿಮಾನ ಮೋಂ ಬ್ಲಾಂಗೆ ಬಡಿದು 48 ಮಂದಿ ಸತ್ತರು. ಹೆಚ್ಚಿನವರು ಹಡಗಿನ ಕೆಲಸಕ್ಕೆ ಹೊರಟ ಭಾರತದ ನಾವಿಕರು. ಅವರನ್ನು ಹುಡುಕಲು ಏರಿದ ಶಾಮೊನಿಯ ಗೈಡ್ ರೆನೆ ಪಯೋ ಹಿಮದ ಬಿರುಕಿಗೆ ಬಿದ್ದು ಪ್ರಾಣ ಬಿಟ್ಟರು. 1966ರ ಜನವರಿ 24ರಂದು ಏರ್ ಇಂಡಿಯಾದ್ದೇ ಬೋಯಿಂಗ್ 707, ಕಾಂಚನಜುಂಗಾ, ಜಿನೀವಾಕ್ಕೆ ಇಳಿಯುವ ಹಾದಿಯಲ್ಲಿ ಅದೇ ಬೆಟ್ಟಕ್ಕೆ ಬಡಿಯಿತು. 117 ಮಂದಿ. ಅವರಲ್ಲಿ ಹೋಮಿ ಭಾಭಾ ಒಬ್ಬರು, ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ನಡೆಸಿದವರು.

ಹಿಮನದಿ ತನ್ನೊಳಗೆ ಬಿದ್ದುದನ್ನು ನಿಧಾನವಾಗಿ ಕೆಳಕ್ಕೆ ಹೊತ್ತು ತಂದು ಬಿಡುತ್ತದೆ. 2012ರಲ್ಲಿ ಭಾರತದ ವಿದೇಶಾಂಗ ಸಚಿವಾಲಯದ ಟಪಾಲು ಚೀಲ ಸಿಕ್ಕಿತು. 2013ರಲ್ಲಿ ಒಬ್ಬ ಆರೋಹಿಗೆ ಪಚ್ಚೆ, ನೀಲ, ಮಾಣಿಕ್ಯಗಳಿದ್ದ ಪೆಟ್ಟಿಗೆ ಸಿಕ್ಕಿ, ಅವನು ಅದನ್ನು ಪೊಲೀಸರಿಗೆ ಒಪ್ಪಿಸಿದ. 2020ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗಿ ಆಯ್ಕೆಯಾದ ಸುದ್ದಿ ಹೊತ್ತ ಭಾರತದ ಪತ್ರಿಕೆಗಳು ಓದಬಹುದಾದ ಸ್ಥಿತಿಯಲ್ಲೇ ಹೊರಬಂದವು. ಗೈಡ್‌ಗೆ ಇದೆಲ್ಲ ಗೊತ್ತಿತ್ತು. ನಾವು ಎಲ್ಲಿಂದ ಬಂದವರೆಂಬುದನ್ನು ಅವರು ಮರೆತಿರಲಿಲ್ಲ. ಇತರರನ್ನು ತುಸು ಮುಂದೆ ಕಳಿಸಿ, ನಮ್ಮಿಬ್ಬರಿಗೆ ಬೆರಳಿಟ್ಟು ಆ ಜಾಗಗಳನ್ನು ತೋರಿಸಿ, ತಾವೂ ಪಕ್ಕಕ್ಕೆ ಸರಿದು ನಿಂತರು. ನಾನು ಕೈ ಮುಗಿದೆ. ಹಡಗು ಹತ್ತಲು ಹೊರಟಿದ್ದ ಆ ನಾವಿಕರ ಮನೆಗಳಲ್ಲಿ ಎಷ್ಟು ದಿನ ಯಾವ ಸುದ್ದಿಗೆ ಕಾದಿದ್ದರೋ. ತಮ್ಮ ಒಂದೂ ಮಾತಾಡದೆ ನನ್ನ ಭುಜ ಹಿಡಿದಿದ್ದ.

ಬ್ರೆವಾಂನಿಂದ ಲೆಜೂಷ್‌ಗೆ ಇಳಿತ ಸುಮಾರು 1,500 ಮೀಟರ್, ಇಡೀ ಸುತ್ತಿನ ಅತಿ ಉದ್ದದ್ದು. ಇಷ್ಟು ದಿನಗಳ ಇಳಿಜಾರು ತಿಂದ ತೊಡೆಗಳು ಅದನ್ನು ಸಲೀಸಾಗಿ ಹೊತ್ತವು. ಸಂಜೆ ಗೈಡ್ ಎಲ್ಲರ ಕೈ ಕುಲುಕಿ ಬೇಗ ಹೊರಟುಬಿಟ್ಟರು, ಮರುದಿನ ಬೆಳಗ್ಗೆ ಅವರಿಗೆ ಇನ್ನೊಂದು ಗುಂಪಿತ್ತು.

ಆ ವರ್ಷ ಅಡಿಕೆ ಕೊಯ್ಲಿಗೆ ತಮ್ಮ ರಜೆ ಹಾಕಿ ಕೊಪ್ಪಕ್ಕೆ ಬಂದ. ಅಪ್ಪನ ಜೊತೆ ದುಡಿದವರ ಹೆಸರಿಗೆ ಅವರು ಇರುವ ಜಾಗ ಬರೆಸಿಕೊಡುವ ಕಾಗದ ಮಾಡಿಸಿದೆವು. ತೋಟವನ್ನು ಚಿಕ್ಕಪ್ಪನ ಮಗ ನೋಡಿಕೊಳ್ಳುವುದು, ಲೆಕ್ಕ ಅಮ್ಮನ ಕೈಗೆ ಕೊಡುವುದು ಎಂದಾಯಿತು. ಮಾರಿಬಿಡೋಣ ಎಂದು ಹಿಂದೆ ಹಟ ಹಿಡಿದಿದ್ದ ಅವನೇ ಅಂಗಳದಲ್ಲಿ ಕೂತು, ಸುಲಿಯುವ ಹೆಂಗಸರ ಸಾಲಿನ ಕೊನೆಯಲ್ಲಿ, ಮೆಟ್ಟುಗತ್ತಿ ಹಿಡಿಯುವುದನ್ನು ಕಲಿಯತೊಡಗಿದ. ಅಮ್ಮ ಅವನಿಗೆ ಎರಡನೆಯ ಲೋಟ ಕಾಫಿ ತಂದುಕೊಡುತ್ತ, ಕೊಳೆ ರೋಗ ಈ ಸಲ ಯಾವ ಯಾವ ಸಾಲಿಗೆ ಬಂದಿದೆ ಎಂದು ಒಂದೊಂದಾಗಿ ಹೇಳುತ್ತಿದ್ದಳು.